ಕೂನೂರಿನಲ್ಲಿ ಕರುಳನ್ನು ಓದಿದ ವೈದ್ಯ: ಸರ್ ರಾಬರ್ಟ್ ಮೆಕ್‌ಕ್ಯಾರಿಸನ್

ತಾಳವಾಡಿಯು ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ನಮ್ಮ ಬೆಟ್ಟಗಳಿಗೆ ನೆರೆಯಾದ ನೀಲಗಿರಿಯ ಕೂನೂರಿನಲ್ಲಿ ಒಬ್ಬ ಐರಿಷ್ ವೈದ್ಯರು ಕೋತಿ, ಪಾರಿವಾಳ, ಇಲಿಗಳಿಗೆ ಬಗೆಬಗೆಯ ಆಹಾರವನ್ನಿಟ್ಟು, ಅವುಗಳ ಕರುಳನ್ನು ಪರೀಕ್ಷಿಸುತ್ತಿದ್ದರು. ಅವರೇ ರಾಬರ್ಟ್ ಮೆಕ್‌ಕ್ಯಾರಿಸನ್. ಉಣ್ಣುವ ಅನ್ನಕ್ಕೂ ಕರುಳಿನ ಬೇನೆಗೂ ಏನು ಸಂಬಂಧವೆಂದು ಇಂದು ಜಗತ್ತಿನ ವಿಜ್ಞಾನಿಗಳು ಕೇಳುತ್ತಿರುವ ಪ್ರಶ್ನೆಯನ್ನು ಅವರು ನೂರು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿದ್ದರು.

1878ರಲ್ಲಿ ಐರ್ಲೆಂಡಿನ ಪೋರ್ಟಡೌನ್‌ನಲ್ಲಿ ಜನಿಸಿದ ಅವರು ಬೆಲ್‌ಫಾಸ್ಟ್‌ನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1901ರಲ್ಲಿ ಸರ್ಕಾರದ ವೈದ್ಯ ಸೇವೆಗೆ ಸೇರಿ ಭಾರತಕ್ಕೆ ಬಂದರು. ವಾಯವ್ಯ ಗಡಿಯ ಗಿಲ್ಗಿಟ್‌ನಲ್ಲಿ ಗಳಗಂಡ ರೋಗವು ಹಳ್ಳಿಹಳ್ಳಿಗಳನ್ನೇ ಕಾಡುತ್ತಿತ್ತು. ಅಲ್ಲಿಯ ನೀರನ್ನು ಸೋಸಿದಾಗ ಉಳಿದ ಗಸಿಯನ್ನು ಅವರು ತಾವೂ ಕುಡಿದರು, ಸ್ವಯಂಸೇವಕರಿಗೂ ಕುಡಿಸಿದರು. ಕೆಲವರಿಗೆ ಗಂಟಲು ಊದಿತು. ಕುದಿಸಿದ ಗಸಿಯನ್ನು ಕುಡಿದವರಿಗೆ ಏನೂ ಆಗಲಿಲ್ಲ. ಕರುಳನ್ನು ಸೇರುವ ಸೂಕ್ಷ್ಮಜೀವಿಯೇ ಕಾರಣವೆಂದು ಅವರು ಬಗೆದರು. ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆಯೆಂಬುದು ಆಮೇಲೆ ಸ್ಥಿರವಾಯಿತು. ಆದರೂ ಕರುಳಿನ ಜೀವಿಗಳ ಮೇಲೆ ಅವರ ಕಣ್ಣು ನೆಟ್ಟದ್ದು ಅಲ್ಲಿಯೇ.

ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಅವರು ಕೂನೂರಿನ ಪಾಶ್ಚರ್ ಸಂಸ್ಥೆಗೆ ಬಂದರು. ಕೈಗೊಂಡದ್ದು ಬೆರಿಬೆರಿ ರೋಗದ ವಿಚಾರಣೆ. ಮಿಲ್ಲಿನಲ್ಲಿ ತೌಡು ಕಳೆದ ಬಿಳಿ ಅಕ್ಕಿಯನ್ನೇ ನಂಬಿ ಬದುಕುವವರ ಕಾಲುಗಳು ಸೋಲುತ್ತಿದ್ದವು. ಒತ್ತಡದ ಹಬೆಯಲ್ಲಿ ಕಾಯಿಸಿ ಜೀವಸತ್ವವನ್ನು ಕೆಡಿಸಿದ ಅಕ್ಕಿಯನ್ನು ಅವರು ಆರೋಗ್ಯವಾಗಿದ್ದ ಕೋತಿಗಳಿಗೆ ತಿನ್ನಿಸಿದರು. ಕೋತಿಗಳಿಗೆ ಹಸಿವು ಕುಂದಿತು, ಭೇದಿಯಾಯಿತು, ಕೆಲವಕ್ಕೆ ರಕ್ತಭೇದಿಯೇ ಆಯಿತು. ಸತ್ತ ಮೇಲೆ ಸೀಳಿ ನೋಡಿದರೆ ಕರುಳಿನ ಗೋಡೆ ತೆಳುವಾಗಿ ಉಬ್ಬಿತ್ತು, ದೊಡ್ಡ ಕರುಳು ಉರಿಯೂತದಿಂದ ಕೆಂಪೇರಿತ್ತು. ಅದೇ ಪರಿಸರದಲ್ಲಿದ್ದು ಒಳ್ಳೆಯ ಆಹಾರವನ್ನು ತಿಂದ ಕೋತಿಗಳು ಪಾರಾದವು. ಹಾಗಾದರೆ ರೋಗಾಣುವೊಂದೇ ಅಪರಾಧಿಯಲ್ಲ; ಆಹಾರ ಕೆಟ್ಟಾಗ ಕರುಳಿನ ಕಾವಲು ಸಡಿಲವಾಗುತ್ತದೆ, ಆಗ ಒಳಗಿನ ಜೀವಿಗಳು ಗೋಡೆಯನ್ನು ದಾಟುತ್ತವೆ ಎಂಬುದು ಅವರ ನಿರ್ಣಯ. 1921ರಲ್ಲಿ ಇದೆಲ್ಲವೂ ಗ್ರಂಥವಾಗಿ ಹೊರಬಂದಿತು.

1923ರಲ್ಲಿ ಸರ್ಕಾರವು ಮಿತವ್ಯಯದ ಹೆಸರಿನಲ್ಲಿ ಈ ಸಂಶೋಧನೆಯನ್ನೇ ನಿಲ್ಲಿಸಿತು. ಹಸಿದ ದೇಶದಲ್ಲಿ ಆಹಾರದ ವಿಚಾರಣೆಗೆ ಹಣವಿಲ್ಲವೆಂದರೆ ಏನು ಹೇಳೋಣ! 1925ರಲ್ಲಿ ಕೆಲಸ ಮತ್ತೆ ಆರಂಭವಾಯಿತು. ಮುಂದಿನ ವರ್ಷ ವಿಶ್ವನಾಥ್ ಎಂಬ ಕೃಷಿ ರಸಾಯನಶಾಸ್ತ್ರಜ್ಞರೊಡನೆ ಕೂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಕಿರುಧಾನ್ಯವು ರಾಸಾಯನಿಕ ಗೊಬ್ಬರದಲ್ಲಿ ಬೆಳೆದುದಕ್ಕಿಂತ ಹೆಚ್ಚು ಪೌಷ್ಟಿಕವೆಂದು ಪ್ರಕಟಿಸಿದರು. ಪ್ರಯೋಗಶಾಲೆಯು ಪೌಷ್ಟಿಕತಾ ಸಂಶೋಧನಾಲಯವಾಗಿ ಬೆಳೆಯಿತು, ಅವರು ಅದರ ನಿರ್ದೇಶಕರಾದರು.

ಅವರ ಪ್ರಯೋಗಗಳಲ್ಲಿ ನಮಗೆ ಹತ್ತಿರದ್ದು ಇಲಿಗಳದು. ಭಾರತದ ಏಳು ಜನವರ್ಗಗಳ ಊಟವನ್ನು ಏಳು ಗುಂಪುಗಳಿಗೆ ಹಾಕಿ ಬೆಳವಣಿಗೆಯನ್ನು ತೂಗಿದರು. ಇಡೀ ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿಗಳ ಸಿಖ್ ಊಟಕ್ಕೆ ಮೊದಲ ಸ್ಥಾನ. ಬಿಳಿ ಅಕ್ಕಿಯೇ ಪ್ರಧಾನವಾದ ಮದ್ರಾಸಿ ಊಟಕ್ಕೆ ಕೊನೆಯದು. ಕನ್ನಡಿಗರ ಊಟ ಐದನೆಯದು! ಈ ಪಟ್ಟಿಯನ್ನು ಜನಾಂಗದ ಯೋಗ್ಯತೆಯೆಂದು ಓದಬಾರದು, ತಟ್ಟೆಯ ಯೋಗ್ಯತೆಯೆಂದು ಓದಬೇಕು. ಹುಂಜಾ ಕಣಿವೆಯ ಜನರ ಆರೋಗ್ಯವನ್ನು ಅವರು ಬಣ್ಣಿಸಿದ ರೀತಿ ಮಾತ್ರ ತುಸು ಅತಿಯಾಯಿತೆಂದೇ ಹೇಳಬೇಕು.

ಅವರ ಕೋತಿಗಳ ರೋಗವೂ ಇಂದು ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎನ್ನುವ ದೀರ್ಘಕಾಲದ ಕರುಳಿನ ಉರಿಯೂತಗಳೂ ಒಂದೇ ಅಲ್ಲ. ಇವುಗಳ ಪೂರ್ಣ ಕಾರಣ ಇನ್ನೂ ತಿಳಿದಿಲ್ಲ. ವಂಶಗುಣ, ದೇಹದ ರಕ್ಷಣಾ ವ್ಯವಸ್ಥೆ, ಆಹಾರ, ಕರುಳಿನ ಜೀವಿಸಮೂಹ ಎಲ್ಲವೂ ಸೇರಿವೆಯೆಂದು ಸಂಶೋಧಕರು ತಿಳಿಯುತ್ತಾರೆ. ಅವರಿಗೆ ತಿಳಿಯದಿದ್ದ ಒಂದು ಸಂಗತಿ ಇಂದು ನಮಗೆ ಗೊತ್ತು: ರಾಗಿ, ಅವರೆ, ಸೊಪ್ಪಿನ ನಾರನ್ನು ದೊಡ್ಡ ಕರುಳಿನ ಜೀವಿಗಳು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಉಂಟುಮಾಡುತ್ತವೆ, ಕರುಳಿನ ಗೋಡೆಯ ಕೋಶಗಳಿಗೆ ಅದೇ ಆಹಾರ. ನಮ್ಮ ಹೊಲದಲ್ಲಿ ರಾಗಿ ಬೆಳೆದರೂ ಪಡಿತರದ ಬಿಳಿ ಅಕ್ಕಿಯೇ ಮಕ್ಕಳ ತಟ್ಟೆಯನ್ನು ತುಂಬುವುದನ್ನು ತಾಯಂದಿರು ಬಲ್ಲರು. ಇಷ್ಟಾದರೂ, ಮಗುವಿನ ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಭೇದಿಯಾಗಿ ತೂಕ ಇಳಿದರೆ, ಮುದ್ದೆಯನ್ನೇ ಮದ್ದೆಂದು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

1933ರಲ್ಲಿ ಸರ್ ಪದವಿಯನ್ನು ಪಡೆದ ಮೆಕ್‌ಕ್ಯಾರಿಸನ್ 1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಕೂನೂರಿನ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಅದೇ. ಎರಡು ವರ್ಷಗಳ ಬಳಿಕ, 1960ರ ಮೇ ತಿಂಗಳಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಅವರು ತೀರಿಕೊಂಡರು.