ಮೆಡೋಸ್ ಟೇಲರ್: ಸ್ವಾಧ್ಯಾಯದಿಂದ ಪೋಷಕತ್ವಕ್ಕೆ

ಸಗರನಾಡಿನ ಚರಿತ್ರೆಯಲ್ಲಿ ಫಿಲಿಪ್ ಮೆಡೋಸ್ ಟೇಲರ್‌ನನ್ನು ಆಡಳಿತಗಾರನೆಂದೇ ಗುರುತಿಸುತ್ತ ಬರಲಾಗಿದೆ. ಸುರಪುರದ ಬಾಲರಾಜನ ಪೋಷಕನಾಗುವ ಮುನ್ನ ಆತ ತನಗೆ ತಾನೇ ಗುರುವಾಗಿದ್ದನೆಂಬುದೂ ಅಷ್ಟೇ ಗಮನಾರ್ಹ. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಟೇಲರ್ ಶಾಲೆಯನ್ನು ಬೇಗನೆ ತೊರೆದು ವರ್ತಕರ ಕಚೇರಿಯಲ್ಲಿ ಗುಮಾಸ್ತನಾದನು. 1824ರಲ್ಲಿ ಮುಂಬಯಿಗೆ ಬಂದು, ನೆಚ್ಚಿದ ವ್ಯಾಪಾರ ಕೈಗೂಡದೆ ನಿಜಾಮನ ಸೇವೆಗೆ ಸೇರಿದನು. ಅಲ್ಲಿನ ಬಿಡುವಿನ ವೇಳೆಯಲ್ಲಿಯೇ ಹಿಂದೂಸ್ತಾನಿ, ಪಾರಸಿ, ಮರಾಠಿಗಳನ್ನು ಕಲಿತನು. ಕಾನೂನು, ಭೂಮಾಪನ, ಭೂವಿಜ್ಞಾನಗಳನ್ನು ಓದಿಕೊಂಡನು. ಠಕ್ಕರನ್ನು ಕುರಿತ ಅವನ ಕಾದಂಬರಿ 1839ರಲ್ಲಿ ಪ್ರಕಟವಾಯಿತು.

1841ರಲ್ಲಿ ಸುರಪುರಕ್ಕೆ ನಿಯುಕ್ತನಾದಾಗ ಅವನ ಬಳಿ ಇದ್ದದ್ದು ಪದವಿಯಲ್ಲ, ಈ ಓದು. ಅದು ವಸಾಹತು ಆಡಳಿತಕ್ಕೇ ಒದಗಿತೆಂಬುದನ್ನು ಮರೆಯಲಾಗದು. ಆದರೂ ರಾಜನಕೋಳೂರಿನ ಶಿಲಾಗೋರಿಗಳನ್ನು ಅಳೆದು, ಅಗೆದು, ಐರೋಪ್ಯ ಗೋರಿಗಳೊಂದಿಗೆ ಹೋಲಿಸಿ ಬರೆಯಲು ಯಾವ ಸರ್ಕಾರಿ ಆದೇಶವೂ ಬೇಕಿರಲಿಲ್ಲ, ಕುತೂಹಲವೇ ಸಾಕಾಗಿತ್ತು.

ಬಾಲಕ ವೆಂಕಟಪ್ಪನಾಯಕ ಟೇಲರ್‌ನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಅಧಿಕಾರ ಪಡೆದ ಆತ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು, ಸೆರೆಯಲ್ಲಿದ್ದಾಗ ಗುಂಡೇಟಿನಿಂದ ಮಡಿದನು. ಆ ಸಾವನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಕೃತಿ ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ.