ರಾಬರ್ಟ್ ನಾಯ್ಸ್

ಗಣಕಯಂತ್ರದ ಮಿದುಳೆನಿಸಿದ ಮೈಕ್ರೊಪ್ರೊಸೆಸರಿನ ಇತಿಹಾಸದಲ್ಲಿ ರಾಬರ್ಟ್ ನಾಯ್ಸ್ ಅವರದು ಚಿರಸ್ಮರಣೀಯ ಹೆಸರು. 1927ರ ಡಿಸೆಂಬರ್ 12ರಂದು ಅಮೆರಿಕದ ಅಯೋವಾ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗನಾಗಿ ಅವರು ಜನಿಸಿದರು. ಕಲಘಟಗಿಯಂತೆ ಅದೂ ಗೋವಿನಜೋಳ ಬೆಳೆಯುವ ಸೀಮೆ.

1956ರಲ್ಲಿ, ಟ್ರಾನ್ಸಿಸ್ಟರಿನ ಸಂಶೋಧಕರಲ್ಲೊಬ್ಬರಾದ ಶಾಕ್ಲಿಯವರ ಸಂಸ್ಥೆಯನ್ನು ನಾಯ್ಸ್ ಸೇರಿದರು. ಅವರ ಆಡಳಿತ ಕ್ರಮ ಸರಿಬರದೆ ಮರುವರ್ಷವೇ ಏಳು ಮಂದಿ ಸಂಗಡಿಗರೊಡನೆ ಹೊರಬಂದರು. ಮಡದಿ ಮಕ್ಕಳಿದ್ದ ಗೃಹಸ್ಥನಿಗೆ ಅದು ಸಣ್ಣ ಸಾಹಸವಲ್ಲ. ಎಂಟು ಮಂದಿಯೂ ಸೇರಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯನ್ನು ಕಟ್ಟಿದರು.

ಆಗ ಯಂತ್ರದೊಳಗಿನ ಸಾವಿರಾರು ಬಿಡಿಭಾಗಗಳನ್ನು ತಂತಿಗಳಿಂದ ಬೆಸೆಯಬೇಕಾಗಿತ್ತು. ಒಂದು ಬೆಸುಗೆ ಸಡಿಲಿದರೂ ಯಂತ್ರ ಕೆಡುತ್ತಿತ್ತು. 1958ರಲ್ಲಿ ಜಾಕ್ ಕಿಲ್ಬಿಯವರು ಭಾಗಗಳನ್ನು ಒಂದೇ ಬಿಲ್ಲೆಯಲ್ಲಿ ಅಡಗಿಸಿದರೂ ತಂತಿಗಳು ಉಳಿದೇ ಇದ್ದವು. ಸಹೋದ್ಯೋಗಿ ಹೋರ್ನಿಯವರು ಸಿಲಿಕಾನ್ ಬಿಲ್ಲೆಗೆ ರಕ್ಷಣೆಯ ಪದರ ಹೊದಿಸುವ ವಿಧಾನವನ್ನು ರೂಪಿಸಿದ್ದರು. ಆ ಪದರದ ಮೇಲೆ ಲೋಹದ ಗೆರೆಗಳನ್ನು ಹಾಯಿಸಿದರೆ ತಂತಿಯ ಹಂಗೇ ಇಲ್ಲವೆಂದು 1959ರಲ್ಲಿ ನಾಯ್ಸ್ ಕಂಡುಕೊಂಡರು. ಹೀಗೆ ಚಿಪ್‌ನ ಕೀರ್ತಿ ಕಿಲ್ಬಿ, ನಾಯ್ಸ್ ಇಬ್ಬರಿಗೂ ಸಲ್ಲುತ್ತದೆ.

1968ರಲ್ಲಿ ನಾಯ್ಸ್, ಗಾರ್ಡನ್ ಮೂರ್ ಅವರೊಡನೆ ಇಂಟೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಂದ 1971ರಲ್ಲಿ ಹೊರಬಂದ 4004 ಎಂಬ ಮೈಕ್ರೊಪ್ರೊಸೆಸರಿನಲ್ಲಿದ್ದುದು 2,300 ಟ್ರಾನ್ಸಿಸ್ಟರುಗಳು. 1995ರಲ್ಲಿ ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆಂದು ಬಂದ ಪೆಂಟಿಯಂ ಪ್ರೊದಲ್ಲಿ 55 ಲಕ್ಷ! ಅದನ್ನು ಕಾಣಲು ನಾಯ್ಸ್ ಉಳಿದಿರಲಿಲ್ಲ. 1990ರ ಜೂನ್ 3ರಂದು ಅವರು ತೀರಿಕೊಂಡರು. 2000ದಲ್ಲಿ ಕಿಲ್ಬಿಯವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗತಿಸಿದವರಿಗೆ ಅದನ್ನು ನೀಡುವ ಪದ್ಧತಿಯಿಲ್ಲ. ಆದರೆ ‘ಭೂಮಿ’ ಯೋಜನೆಯ ಗಣಕದಿಂದ ನವಲಗುಂದದ ರೈತನು ಪಡೆಯುವ ಪಹಣಿಯ ಹಿಂದೆಯೂ ಆ ಲೋಹದ ಗೆರೆಗಳು ದುಡಿಯುತ್ತಿವೆ.