ಕೊಳೆರೋಗಕ್ಕೆ ಮದ್ದು ತೋರಿಸಿದ ಕೋಲ್ಮನ್ ಸಾಹೇಬರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಿರಿ ಅಂತ ಸಂಪಾದಕ ಮಂಡಳಿಯವರು ಹೇಳಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು, ಲೇಖಕರೇನಲ್ಲ. ಆದರೂ ಅಡಿಕೆ ಬೆಳೆಗಾರರಾದ ನಾವು ನೆನೆಯಲೇಬೇಕಾದ ಒಬ್ಬರ ವಿಷಯ ಹೇಳೋಣ ಅಂತ ಪೆನ್ನು ಹಿಡಿದಿದ್ದೇವೆ.

ಮೇ ತಿಂಗಳು ಬಂತೆಂದರೆ ನಮ್ಮ ಸಂಘದ ಗೋಡೌನಿನ ಮುಂದೆ ಮೈಲುತುತ್ತಕ್ಕೆ ಸಾಲು ನಿಲ್ಲುತ್ತದೆ. ಈ ಮದ್ದನ್ನು ನಮ್ಮ ಅಡಿಕೆ ಕೊನೆಗೆ ಹೊಡೆಯಬೇಕು ಅಂತ ತೋರಿಸಿಕೊಟ್ಟವರು ಯಾರು? ಅವರೇ ಡಾಕ್ಟರ್ ಲೆಸ್ಲಿ ಕೋಲ್ಮನ್.

ಕೋಲ್ಮನ್ ಸಾಹೇಬರು 1878ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿದರು. ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಬೆಳೆಗಳ ರೋಗ ಮತ್ತು ಕೀಟ ಎರಡನ್ನೂ ನೋಡಿಕೊಳ್ಳುವ ತಜ್ಞರಾಗಿ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಮೂವತ್ತು ವರ್ಷ.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ತೋಟಗಳಿಗೆ ದೊಡ್ಡ ಶತ್ರು ಎಂದರೆ ಕೊಳೆರೋಗ. ನಮ್ಮ ಹಿರಿಯರು ಕರಡದ ಹುಲ್ಲಿನಿಂದ ಕೊಟ್ಟೆ ಮಾಡಿ, ಒಂದೊಂದು ಕೊನೆಗೂ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಎಷ್ಟು ಮರಕ್ಕೆ ಅಂತ ಕಟ್ಟುವುದು! ಕೋಲ್ಮನ್ ಸಾಹೇಬರು ಈ ರೋಗದ ಮೂಲ ಹುಡುಕಿದರು. ಕಾಯಿ ಕೊಳೆಸಿ ಉದುರಿಸುವುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಮಳೆಗಾಲದ ತೇವದಲ್ಲಿ ಅದು ಹಬ್ಬುತ್ತದೆ ಅಂತ 1910ರಲ್ಲಿ ಪುಸ್ತಿಕೆ ಬರೆದು ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ಬಳ್ಳಿಗೆ ಹೊಡೆಯುತ್ತಿದ್ದ ಮೈಲುತುತ್ತ-ಸುಣ್ಣದ ದ್ರಾವಣವೇ ನಮ್ಮ ಅಡಿಕೆಗೂ ಆಗುತ್ತದೆ ಅಂತ ತೋರಿಸಿದರು. ನೂರು ವರ್ಷ ದಾಟಿದರೂ ಇಂದಿಗೂ ನಾವು ಹೊಡೆಯುತ್ತಿರುವುದು ಅದನ್ನೇ.

1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಕೊಟ್ಟ ಜಾಗ ಅದು. ಆ ಹೆಬ್ಬಾಳವೇ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಕಾಫಿಗೆ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಸಂಶೋಧನಾ ಕೇಂದ್ರ ಆಗಿದ್ದೂ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಆಗಿದ್ದೂ ಅವರ ಶ್ರಮದಿಂದಲೇ. ನಡುವೆ ಕೆಲವು ವರ್ಷ ಬಿಟ್ಟರೆ 1934ರವರೆಗೂ ಮೈಸೂರಿನಲ್ಲೇ ದುಡಿದರು. 1954ರಲ್ಲಿ ತಮ್ಮ ದೇಶದಲ್ಲಿ ತೀರಿಕೊಂಡರು.

ಇಷ್ಟನ್ನೆಲ್ಲ ಬರೆಯಲು ಕಾರಣ ಉಂಟು. ಕೆಲವು ವರ್ಷಗಳ ಹಿಂದೆ ನಾವು ಮೊದಲ ಮದ್ದು ಮಳೆಗೆ ಮುಂಚೆ ಹೊಡೆಸಿದೆವು. ನಲವತ್ತು-ನಲವತ್ತೈದು ದಿನಕ್ಕೆ ಎರಡನೆಯದು ಹೊಡೆಯಬೇಕು ಅಂತ ಗೊತ್ತಿತ್ತು. ಕೊನೆಗೌಡನ ಕೂಲಿ ಉಳಿಯಲಿ, ಮಳೆ ಹೇಗೂ ಕಡಿಮೆ ಅಂತ ಬಿಟ್ಟೆವು. ಆಮೇಲೆ ಹಿಡಿದ ಮಳೆ ಬಿಡಲಿಲ್ಲ. ತೋಟಕ್ಕೆ ಹೋದರೆ ಕಾಲಿಟ್ಟಲ್ಲೆಲ್ಲ ಉದುರಿದ ಕಾಯಿ. ಅರ್ಧಕ್ಕರ್ಧ ಫಸಲು ಹೋಯ್ತು. ನಿರ್ದೇಶಕರಾದ ನಾವೇ ಸಂಘದ ಸಾಲಕ್ಕೆ ವಾಯಿದೆ ಕೇಳಬೇಕಾಯ್ತು. ಆ ಸಭೆಯಲ್ಲಿ ತಲೆ ಎತ್ತಲಾಗಲಿಲ್ಲ. ತಪ್ಪು ಮದ್ದಿನದಲ್ಲ, ನಮ್ಮದು.

ಆದ್ದರಿಂದ ಸದಸ್ಯರಲ್ಲಿ ಒಂದು ಬಿನ್ನಹ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ತಪ್ಪಬೇಡಿ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಿ. ಕಬ್ಬಿಣದ ಪಾತ್ರೆ ಬೇಡ. ದ್ರಾವಣದಲ್ಲಿ ಹೊಳೆಯುವ ಚಾಕು ಅದ್ದಿ ನೋಡಿ, ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು ಅಂತ ಅರ್ಥ. ಉದುರಿದ ಕೊಳೆಕಾಯಿ ಹೆಕ್ಕಿ ತೋಟದಿಂದ ಆಚೆ ಹಾಕಿ.

ಈಗ ಎಲೆಚುಕ್ಕಿ ರೋಗ ಬಂದು ಮತ್ತೆ ನಿದ್ದೆ ಕೆಡಿಸಿದೆ. ಕೋಲ್ಮನ್ ಸಾಹೇಬರ ಕಾಲದಲ್ಲಿ ಇಡೀ ಸಂಸ್ಥಾನಕ್ಕೆ ತಜ್ಞರು ಬೆರಳೆಣಿಕೆಯಷ್ಟು. ಈಗ ಶಿವಮೊಗ್ಗದಲ್ಲೇ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಉಂಟು, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳುಂಟು. ರೋಗದ ಸೋಗೆಯ ತುಂಡನ್ನು ಒಯ್ದು ತೋರಿಸಿ, ಕೇಳಿ ಬರಲು ನಮಗೇಕೆ ಸೋಮಾರಿತನ? ಪಕ್ಕದ ಮನೆಯವರು ಹೊಡೆದದ್ದನ್ನೇ ನೋಡಿ ಹೊಡೆಯುವುದು ಬಿಡೋಣ. ಮಣ್ಣು ಪರೀಕ್ಷೆ ಮಾಡಿಸೋಣ. ತಜ್ಞರನ್ನು ವರ್ಷಕ್ಕೊಮ್ಮೆ ಸಂಘಕ್ಕೇ ಕರೆಸೋಣ ಅಂತ ಮುಂದಿನ ಮಹಾಸಭೆಯಲ್ಲಿ ನಾವು ಸೂಚನೆ ಇಡುವವರಿದ್ದೇವೆ, ತಾವು ಅನುಮೋದಿಸಬೇಕು.

ದೂರದ ಕೆನಡಾದಿಂದ ಬಂದ ಮನುಷ್ಯ ನಮ್ಮ ಕೊನೆ ಉಳಿಸಲು ಅಷ್ಟು ಕಷ್ಟಪಟ್ಟರು. ನಾವು ಎರಡನೇ ಮದ್ದನ್ನಾದರೂ ಹೊತ್ತಿಗೆ ಸರಿಯಾಗಿ ಹೊಡೆಯೋಣ. ಸಂಘ ಬೆಳೆಯಲಿ, ಎಲ್ಲರ ಅಂಗಳದಲ್ಲೂ ಅಡಿಕೆ ಒಣಗಲಿ.